‘ಐ ಹರ್ಡ್ ಹಿಮ್’ ಎಂದರೆ ಕೇಳಿದೆನೋ, ಕೇಳಿಸಿತೋ? ಕನ್ನಡಿಗರ ಬಾಯಲ್ಲಿ ಅದಲುಬದಲಾಗುವ ಇಂಗ್ಲಿಷ್ ಪದಗಳು

ಪದವಿ ಕಾಲೇಜಿನ ಮೇಷ್ಟ್ರು (ತುಮಕೂರು ಜಿಲ್ಲೆ)

ನಾನು ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆಂದು, ಮಾತಿನಲ್ಲಿ ಒಂದರ ಬದಲು ಇನ್ನೊಂದು ಬಂದುಬಿಡುವ ಪದಗಳ ಕಿರು ಕೈಪಿಡಿಯೊಂದನ್ನು ಈ ರಜೆಯಲ್ಲಿ ಸಿದ್ಧಪಡಿಸಲು ಹೊರಟಿದ್ದೆ. ಅಂಗಡಿಯಲ್ಲಿ ಸಿಗುವ ಅಂಥ ಪುಸ್ತಕಗಳನ್ನು ಮುಂದೆ ಹರಡಿಕೊಂಡು ಕುಳಿತಾಗ, ಅವುಗಳಲ್ಲಿರುವ ತಪ್ಪುಗಳು ನಮ್ಮ ಮಕ್ಕಳ ತಪ್ಪುಗಳೇ ಅಲ್ಲವೆಂಬುದು ನಿಧಾನವಾಗಿ ಹೊಳೆಯಿತು. ಅಫೆಕ್ಟ್ ಮತ್ತು ಎಫೆಕ್ಟ್, ನಿಂತಲ್ಲೇ ನಿಂತಿರುವ ಸ್ಟೇಷನರಿ ಮತ್ತು ಕಾಗದ ಪೆನ್ಸಿಲ್ಲುಗಳ ಸ್ಟೇಷನರಿ, ಹೊಗಳಿಕೆಯ ಕಾಂಪ್ಲಿಮೆಂಟ್ ಮತ್ತು ಪೂರಕವಾಗುವ ಕಾಂಪ್ಲಿಮೆಂಟ್, ಇವೆಲ್ಲ ಇಂಗ್ಲಿಷನ್ನು ತೊಟ್ಟಿಲಲ್ಲೇ ಕಿವಿಯಿಂದ ಕಲಿತವರು ಬರೆಯುವಾಗ ಎಡವುವ ಜಾಗಗಳು. ನಮ್ಮ ಮಕ್ಕಳು ಸ್ಪೆಲ್ಲಿಂಗನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಬಂದವರಾದ್ದರಿಂದ ಅಲ್ಲಿ ಅಷ್ಟಾಗಿ ಎಡವುವುದಿಲ್ಲ. ಅವರು ಎಡವುವ ಜಾಗವೇ ಬೇರೆ.

ಕಳೆದ ತಿಂಗಳು ಹುಡುಗನೊಬ್ಬ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, ಗ್ರಂಥಾಲಯದವರ ಮೇಲೆ ದೂರುತ್ತ, ‘ಐ ಹರ್ಡ್ ಹಿಮ್ ತ್ರೀ ಟೈಮ್ಸ್ ಸರ್, ಹಿ ಡಿಡ್ ನಾಟ್ ಗಿವ್’ ಎಂದ. ಮೂರು ಸಲ ಅವರ ಮಾತು ಕಿವಿಗೆ ಬಿದ್ದರೂ ಇವನೇನು ಮಾಡುತ್ತಿದ್ದ ಎಂದು ಒಂದು ಕ್ಷಣ ಯೋಚಿಸಿದ ಮೇಲೆ, ಅವನು ಮೂರು ಸಲ ಪುಸ್ತಕ ‘ಕೇಳಿದ್ದಾನೆ’ ಎಂಬುದು ಅರ್ಥವಾಯಿತು. ನಮ್ಮಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ, ಸಾಲವನ್ನೂ ಕೇಳುತ್ತೇವೆ, ಅಪ್ಪನ ಮಾತನ್ನೂ ಕೇಳುತ್ತೇವೆ ಅಥವಾ ಕೇಳುವುದಿಲ್ಲ. ಇಂಗ್ಲಿಷ್ ಇಷ್ಟಕ್ಕೂ ಆಸ್ಕ್, ಹಿಯರ್, ಲಿಸನ್, ಒಬೇ ಎಂದು ನಾಲ್ಕು ಬಾಗಿಲು ಇಟ್ಟಿದೆ. ಹುಡುಗ ತಪ್ಪು ಬಾಗಿಲು ತಟ್ಟಿದ, ಅಷ್ಟೆ.

‘ಐ ಯಾಮ್ ಸ್ಟೇಯಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂಬುದೂ ಇದೇ ಜಾತಿಯದು. ‘ಎರಡು ವರ್ಷದಿಂದ’ ಮತ್ತು ‘2022ರಿಂದ’ ಎಂಬ ಎರಡಕ್ಕೂ ನಮಗೆ ಒಂದೇ ‘ಇಂದ’ ಸಾಕು. ಅವಧಿಗೆ ಫಾರ್, ಆರಂಭದ ಬಿಂದುವಿಗೆ ಸಿನ್ಸ್ ಎಂಬ ವಿಂಗಡಣೆಯನ್ನು ಕನ್ನಡದ ಕಿವಿ ಹುಡುಕುವುದೇ ಇಲ್ಲ. ‘ಹತ್ತನೆಯ ತಾರೀಕಿನೊಳಗೆ’ ಎಂಬುದು ‘ವಿದಿನ್ ಟೆಂತ್’ ಆಗುವುದಕ್ಕೂ ‘ಒಳಗೆ’ ಎಂಬ ನಮ್ಮ ಪದವೇ ಕಾರಣ.

ಸದಸ್ಯರು ಪುಸ್ತಕದಿಂದ ಎತ್ತಿದ ಜೋಡಿಗಳನ್ನು ದಯವಿಟ್ಟು ಕೊಡಬೇಡಿ. ನೀವೇ ಕಿವಿಯಾರೆ ಕೇಳಿದ್ದನ್ನು ಬರೆಯಿರಿ. ಸಾಧ್ಯವಾದರೆ ಅದರ ಅಡಿಯಲ್ಲಿ ಅಡಗಿರುವ ಕನ್ನಡ ಪದ ಯಾವುದೆಂದೂ ಸೂಚಿಸಿ.

ಹಳೆಯ ಲೆಡ್ಜರ್ (ಹಾಸನ)

ಮೇಷ್ಟ್ರೇ, ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಾಗಿ ನನ್ನ ಕಾಣಿಕೆ ಬಾರೋ ಮತ್ತು ಲೆಂಡ್. ‘ಐ ಬಾರೋಡ್ ಟೆನ್ ಥೌಸಂಡ್ ಟು ಮೈ ಬ್ರದರ್ ಇನ್ ಲಾ’ ಎಂದು ಗ್ರಾಹಕರೊಬ್ಬರು ಅರ್ಜಿಯಲ್ಲಿ ಬರೆದಿದ್ದರು. ಅವರು ಭಾವಮೈದುನನಿಗೆ ಹಣ ಕೊಟ್ಟವರು. ಅವರ ವಾಕ್ಯವನ್ನು ನಂಬಿದರೆ ಅವರೇ ಸಾಲಗಾರರಾಗುತ್ತಿದ್ದರು. ಕನ್ನಡದಲ್ಲಿ ಸಾಲ ಎಂಬುದು ಒಂದೇ ವಸ್ತು, ಅದನ್ನು ಕೊಡುತ್ತೇವೆ ಅಥವಾ ತೆಗೆದುಕೊಳ್ಳುತ್ತೇವೆ. ದಿಕ್ಕನ್ನು ಹೇಳುವ ಕೆಲಸ ಕೊಡು, ಕೊಳ್ಳುಗಳದು. ಇಂಗ್ಲಿಷ್ ದಿಕ್ಕನ್ನು ಕ್ರಿಯಾಪದದ ಹೊಟ್ಟೆಯೊಳಗೇ ಇಟ್ಟುಬಿಟ್ಟಿದೆ.

ಇನ್ನೊಂದು ಪದವಿದೆ. ಅದರ ಉಚ್ಚಾರಣೆಯೂ ಸರಿ, ಸ್ಪೆಲ್ಲಿಂಗೂ ಸರಿ, ಆದರೆ ಅರ್ಥವನ್ನು ಬಹುತೇಕ ಎಲ್ಲರೂ ತಪ್ಪಾಗಿ ತಿಳಿದಿದ್ದಾರೆ: ನಾಮಿನಿ. ‘ನಾಮಿನಿ ನಾನೇ ಸಾರ್, ಹಾಗಾಗಿ ದುಡ್ಡು ನನ್ನದೇ’ ಎಂದು ತಂದೆಯ ಮರಣಪತ್ರ ಹಿಡಿದು ಬಂದ ಹಿರಿಯ ಮಗನನ್ನೂ, ಹಿಂದೆಯೇ ಬಾಗಿಲಲ್ಲಿ ನಿಂತ ತಂಗಿಯರನ್ನೂ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬ್ಯಾಂಕ್ ಠೇವಣಿಯ ಮಟ್ಟಿಗೆ ನಾಮಿನಿ ಎಂದರೆ ಬ್ಯಾಂಕಿನಿಂದ ಹಣವನ್ನು ಪಡೆಯುವ ಅಧಿಕಾರವಿರುವವನು, ಮಾಲೀಕನಲ್ಲ. ಪಡೆದ ಹಣವು ವಾರಸುದಾರರಿಗೆ ಕಾನೂನಿನಂತೆ ಸೇರಬೇಕು. ಸುಪ್ರೀಂ ಕೋರ್ಟ್ 1984ರಲ್ಲಿ ವಿಮೆಯ ಪ್ರಕರಣವೊಂದರಲ್ಲಿ ಇದೇ ಮಾತನ್ನು ಹೇಳಿತ್ತು, 2010ರಲ್ಲಿ ಬ್ಯಾಂಕ್ ಠೇವಣಿಯ ಬಗ್ಗೆಯೂ ಹೇಳಿತು. ವಿಮೆಯ ವಿಷಯದಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಸ್ಥಿತಿ ಬೇರೆ. ‘ನಾಮನಿರ್ದೇಶಿತ’ ಎಂದು ಫಾರಂನಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದರೂ ಯಾರೂ ಅದನ್ನು ಓದುವುದಿಲ್ಲ. ಓದಿದರೂ ‘ವಾರಸುದಾರ’ ಎಂದೇ ಗ್ರಹಿಸುತ್ತಾರೆ. ನಿಮ್ಮ ಕೈಪಿಡಿಯಲ್ಲಿ ಒಂದೇ ಒಂದು ಹಣಕಾಸಿನ ಪದಕ್ಕೆ ಜಾಗವಿದ್ದರೆ ಅದನ್ನು ಇದಕ್ಕೇ ಕೊಡಿ ಎಂದು ಕೋರುತ್ತೇನೆ.

ಕಡಲಾಚೆಯವ (ಡಬ್ಲಿನ್)

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ. ಆರು ವರ್ಷಗಳಿಂದ ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿನಲ್ಲಿದ್ದಷ್ಟು ದಿನ ನನ್ನ ಇಂಗ್ಲಿಷ್ ಚೆನ್ನಾಗಿಯೇ ಇತ್ತು, ಏಕೆಂದರೆ ಕೇಳುವವರೂ ನನ್ನ ಹಾಗೆಯೇ ಕನ್ನಡದಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಇಲ್ಲಿ ಬಂದ ಮೊದಲ ವಾರ, ಕೆಲಸ ಯಾವಾಗ ಮುಗಿಯುತ್ತದೆ ಎಂದು ಮೇಲಿನವರು ವಿಚಾರಿಸಿದಾಗ, ‘ಐ ವಿಲ್ ಫಿನಿಶ್ ಟುಮಾರೋ ಓನ್ಲಿ’ ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ‘ನಾಳೆಯೇ ಮುಗಿಸುತ್ತೇನೆ’ ಎಂಬ ಉತ್ಸಾಹ. ಅವರ ಕಿವಿಗೆ ಬಿದ್ದದ್ದು ‘ನಾಳೆಯವರೆಗೂ ಆಗುವುದಿಲ್ಲ’ ಎಂಬ ಉದಾಸೀನ. ಕನ್ನಡದ ‘ಏ’ ಎಂಬ ಒಂದಕ್ಷರದ ಒತ್ತನ್ನು ಇಂಗ್ಲಿಷಿನಲ್ಲಿ ಎಲ್ಲಿ ಇಡುವುದೆಂದು ತಿಳಿಯದೆ ನಾವು ಓನ್ಲಿ ಎಂದೋ ಇಟ್‌ಸೆಲ್ಫ್ ಎಂದೋ ಬಾಲ ಅಂಟಿಸುತ್ತೇವೆ. ಇಲ್ಲೇ ಇದ್ದೇನೆ ಎಂಬುದು ‘ಹಿಯರ್ ಓನ್ಲಿ’ ಆಗುತ್ತದೆ, ಇವತ್ತೇ ಎಂಬುದು ‘ಟುಡೇ ಇಟ್‌ಸೆಲ್ಫ್’ ಆಗುತ್ತದೆ.

ಎರಡನೆಯದು ಡೌಟ್. ಸಭೆಯಲ್ಲಿ ಕೈ ಎತ್ತಿ ‘ಐ ಹ್ಯಾವ್ ಎ ಡೌಟ್’ ಎಂದಾಗ, ವಿನ್ಯಾಸ ವಿವರಿಸುತ್ತಿದ್ದ ಹೆಂಗಸಿನ ಮುಖ ಬಿಗಿಯಿತು. ನನಗಿದ್ದದ್ದು ತರಗತಿಯಲ್ಲಿ ಹುಡುಗರಿಗೆ ಇರುವಂಥ ಸಂದೇಹ, ಎಂದರೆ ಬರಿಯ ಒಂದು ಪ್ರಶ್ನೆ. ಅವರಿಗೆ ಕೇಳಿಸಿದ್ದು ‘ನಿಮ್ಮ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ’ ಎಂದು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಮತ್ತು ಅದರಲ್ಲಿರುವ ಪದಗಳು ಇಂಗ್ಲಿಷಿನ ಅತ್ಯಂತ ಚಿಕ್ಕ ಪದಗಳು: ಯೆಸ್ ಮತ್ತು ನೋ. ‘ಡಿಡಂಟ್ ಯೂ ಸೆಂಡ್ ದ ಫೈಲ್?’ ಎಂದರೆ ನಾವು ‘ಯೆಸ್’ ಎನ್ನುತ್ತೇವೆ, ‘ಹೌದು, ಕಳಿಸಿಲ್ಲ’ ಎಂಬ ಅರ್ಥದಲ್ಲಿ. ಪ್ರಶ್ನೆ ಕೇಳಿದವನ ಊಹೆ ಸರಿ ಎಂದು ಒಪ್ಪುವುದು ಕನ್ನಡದ ಹೌದು. ಕೆಲಸ ನಡೆದಿದೆ ಎಂದು ಹೇಳುವುದು ಅವರ ಯೆಸ್. ಕಳಿಸದ ಕಡತವನ್ನು ಕಳಿಸಿದ್ದೇನೆಂದು ಹೇಳಿದ ಸುಳ್ಳುಗಾರನಾಗಿ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.

ಶುದ್ಧ ಪ್ರಯೋಗ (ಬೆಂಗಳೂರು)

ಮೂಲ ಬರಹದಲ್ಲಿ ಮುಖ್ಯವಾದವುಗಳೇ ಬಿಟ್ಟುಹೋಗಿವೆ. ಪ್ರಿಪೋನ್ ಎಂಬ ಪದವೇ ಇಂಗ್ಲಿಷಿನಲ್ಲಿಲ್ಲ. ಕಸಿನ್ ಬ್ರದರ್ ಎಂಬುದು ಹಾಸ್ಯಾಸ್ಪದ. ರಿವರ್ಟ್ ಎಂದರೆ ಉತ್ತರಿಸು ಎಂದಲ್ಲ. ಈ ಮೂರನ್ನು ತಿದ್ದದ ಕೈಪಿಡಿಯಿಂದ ಮಕ್ಕಳಿಗೆ ಏನು ಪ್ರಯೋಜನವೆಂದು ನನಗೆ ತಿಳಿಯುತ್ತಿಲ್ಲ.

ಪದಕೋಶದ ಹುಳು (ಧಾರವಾಡ)

ಶುದ್ಧ ಪ್ರಯೋಗದವರ ಮೂರು ಆಕ್ಷೇಪಗಳಲ್ಲಿ ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಉಳಿದೆರಡನ್ನು ಬಲ್ಲವರು ನೋಡಿಕೊಳ್ಳಲಿ. ಪ್ರಿಪೋನ್ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಭಾರತೀಯ ಬಳಕೆಯೆಂಬ ಗುರುತಿನೊಂದಿಗೆ ಇದೆ. ಅದನ್ನು ನಾವೇ ಮೊದಲು ಟಂಕಿಸಿದೆವು ಎಂಬ ಹೆಮ್ಮೆಯೂ ಪೂರ್ತಿ ನಮ್ಮದಲ್ಲ: 1913ರಲ್ಲಿಯೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಓದುಗರ ಪತ್ರವೊಂದು, ಪೋಸ್ಟ್‌ಪೋನ್‌ಗೆ ವಿರುದ್ಧವಾದ ಪದ ಬೇಕೆಂದು ಇದನ್ನು ಮುಂದಿಟ್ಟಿತ್ತು. ಅಲ್ಲಿ ಅದು ಚಿಗುರಲಿಲ್ಲ, ಇಲ್ಲಿ ಬೇರೂರಿತು.

ಇಲ್ಲಿ ಏಕೆ ಬೇರೂರಿತೆಂಬುದಕ್ಕೆ ಕನ್ನಡದೊಳಗೇ ಒಂದು ಕಾರಣವಿದೆಯೆಂದು ನನಗೆ ಅನ್ನಿಸುತ್ತದೆ. ಇಂಗ್ಲಿಷಿನವರು ಸಭೆಯನ್ನು ನಿಗದಿಯಾದ ದಿನಕ್ಕಿಂತ ಮೊದಲೇ ನಡೆಸುವುದಕ್ಕೆ ‘ಬ್ರಿಂಗ್ ಫಾರ್ವರ್ಡ್’ ಎನ್ನುತ್ತಾರೆ. ಫಾರ್ವರ್ಡ್ ಎಂದರೆ ಮುಂದೆ. ನಮ್ಮಲ್ಲಿ ಮುಂದಕ್ಕೆ ಹಾಕುವುದು, ಮುಂದೂಡುವುದು ಎಂದರೆ ತಡಮಾಡುವುದು! ‘ದ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್’ ಎಂಬ ಸುತ್ತೋಲೆ ಬಂದರೆ ಕನ್ನಡಿಗರು ನೆಮ್ಮದಿಯಾಗಿ ಇನ್ನೊಂದು ವಾರ ಮಲಗುತ್ತಾರೆ, ಸಭೆ ಅಷ್ಟರಲ್ಲಿ ಮುಗಿದಿರುತ್ತದೆ. ಪ್ರಿಪೋನ್ ಎಂದರೆ ಯಾರಿಗೂ ಗೊಂದಲವಿಲ್ಲ. ಆದ್ದರಿಂದ ಕೈಪಿಡಿಯಲ್ಲಿ ಎಚ್ಚರಿಕೆಯ ಚಿಹ್ನೆ ಹಾಕಬೇಕಾದದ್ದು ಪ್ರಿಪೋನ್ ಮುಂದಲ್ಲ, ಬ್ರಿಂಗ್ ಫಾರ್ವರ್ಡ್ ಮುಂದೆ.

ಕಡತ ಸಂಖ್ಯೆ (ಬೆಂಗಳೂರು)

ರಿವರ್ಟ್ ಬಗ್ಗೆ ಶುದ್ಧ ಪ್ರಯೋಗದವರ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಕಾರಣ ನಿಘಂಟಿನದಲ್ಲ, ಹೊಟ್ಟೆಪಾಡಿನದು. ಸರ್ಕಾರಿ ನೌಕರನಿಗೆ ರಿವರ್ಷನ್ ಎಂದರೆ ಹಿಂಬಡ್ತಿ, ಅಂದರೆ ಬಡ್ತಿ ಪಡೆದ ಹುದ್ದೆಯಿಂದ ಹಿಂದಿನ ಹುದ್ದೆಗೆ ಇಳಿಸುವುದು. 2017ರ ಫೆಬ್ರುವರಿಯಲ್ಲಿ ಬಡ್ತಿ ಮೀಸಲಾತಿ ಕುರಿತು ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ರಾಜ್ಯದ ಪ್ರತಿ ಕಚೇರಿಯಲ್ಲೂ ಚಹಾದ ಜೊತೆಗೆ ಓಡಾಡಿದ ಪದವದು. ಯಾರು ರಿವರ್ಟ್ ಆಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದೇ ಮಾತು. ಅದೇ ದಿನಗಳಲ್ಲಿ ಖಾಸಗಿ ಗುತ್ತಿಗೆ ಸಂಸ್ಥೆಯೊಂದರ ಹುಡುಗಿ ನಮ್ಮ ಅಧೀಕ್ಷಕರಿಗೆ ‘ಕೈಂಡ್ಲಿ ರಿವರ್ಟ್ ಅಟ್ ದಿ ಅರ್ಲಿಯೆಸ್ಟ್’ ಎಂದು ಇಮೇಲ್ ಕಳುಹಿಸಿದ್ದಳು. ಅಧೀಕ್ಷಕರು ಅದನ್ನು ಮುದ್ರಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು, ‘ಇವಳಿಗೇನಪ್ಪ ಅಧಿಕಾರ?’ ಎಂದರು. ನಾವೆಲ್ಲ ನಕ್ಕೆವು, ಅವರು ನಗಲಿಲ್ಲ. ‘ರಿಪ್ಲೈ’ ಎಂಬ ಚಿಕ್ಕ, ಅಗ್ಗದ, ನಿರಪಾಯಕಾರಿ ಪದ ಇರುವಾಗ ಇದರ ಅಗತ್ಯವಾದರೂ ಏನು?

ಸೋದರತ್ತೆಯ ಮಗಳು (ಮೈಸೂರು)

ಕಸಿನ್ ಬ್ರದರ್ ಹಾಸ್ಯಾಸ್ಪದವೆಂದು ಬರೆದವರು ನಮ್ಮ ಮನೆಯ ಮದುವೆಗೊಮ್ಮೆ ಬರಬೇಕು. ದೊಡ್ಡಪ್ಪನ ಮಗ ನಮಗೆ ಅಣ್ಣ, ಚಿಕ್ಕಮ್ಮನ ಮಗ ತಮ್ಮ. ಅವರಿಗೂ ಒಡಹುಟ್ಟಿದವರಿಗೂ ಕರೆಯುವ ಪದದಲ್ಲಿ ವ್ಯತ್ಯಾಸವೇ ಇಲ್ಲ. ಸೋದರಮಾವನ ಮಗ ಮಾತ್ರ ಅಣ್ಣನಾಗುವುದಿಲ್ಲ. ಅವನು ಭಾವ ಅಥವಾ ಮೈದುನ, ಹಳೆಯ ವಾಡಿಕೆಯಲ್ಲಿ ಮದುವೆಯಾಗಬಹುದಾದ ವರಸೆ. ಇಂಗ್ಲಿಷಿನ ಕಸಿನ್ ಈ ಎರಡು ಪಂಗಡಗಳನ್ನೂ, ಗಂಡನ್ನೂ ಹೆಣ್ಣನ್ನೂ, ಹಿರಿಯರನ್ನೂ ಕಿರಿಯರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ‘ಕಸಿನ್ ಜೊತೆ ಸಿನಿಮಾಕ್ಕೆ ಹೋಗಿದ್ದೆ’ ಎಂದು ಹಾಸ್ಟೆಲಿನಲ್ಲಿ ಹೇಳಿದ ಹುಡುಗಿಗೆ ಮುಂದಿನ ಪ್ರಶ್ನೆ ಏನು ಬರುತ್ತದೆಂದು ಗೊತ್ತು. ಅದಕ್ಕಾಗಿಯೇ ಅವಳು ಮೊದಲೇ ‘ಕಸಿನ್ ಬ್ರದರ್’ ಎಂದು ಬೇಲಿ ಹಾಕಿಬಿಡುತ್ತಾಳೆ. ಕಸಿನ್ ಎಂಬುದಕ್ಕೆ ಬ್ರದರ್ ಸೇರಿಸಿದ್ದು ಅಜ್ಞಾನದಿಂದಲ್ಲ, ವರಸೆಯನ್ನು ತಿಳಿಸುವುದಕ್ಕಾಗಿ.

ಇಂಗ್ಲೆಂಡಿನವರ ಮುಂದೆ ಆ ಬೇಲಿ ಬೇಕಾಗಿಲ್ಲ ಎಂದು ಮಕ್ಕಳಿಗೆ ತಿಳಿಸಿ, ಸಾಕು. ತಪ್ಪು ಎಂದು ಕೆಂಪು ಶಾಯಿಯಲ್ಲಿ ಬರೆಯಬೇಡಿ.

ಶುದ್ಧ ಪ್ರಯೋಗ (ಬೆಂಗಳೂರು)

ನಮ್ಮ ಅನುಕೂಲಕ್ಕೆ ತಕ್ಕಂತೆ ಪ್ರತಿಯೊಂದನ್ನೂ ಸಮರ್ಥಿಸುತ್ತ ಹೋದರೆ ಸರಿ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಭಾಷೆ ಯಾರದೋ ಅವರ ಬಳಕೆಯೇ ಪ್ರಮಾಣ.

ಪದಕೋಶದ ಹುಳು (ಧಾರವಾಡ)

ಯಾರ ಬಳಕೆ? ಅವರವರಲ್ಲೇ ಒಪ್ಪಂದವಿಲ್ಲವಲ್ಲ. ‘ಟೇಬಲ್’ ಎಂಬ ಕ್ರಿಯಾಪದವನ್ನೇ ನೋಡಿ. ಬ್ರಿಟಿಷರಿಗೆ ಅದು ವಿಷಯವನ್ನು ಚರ್ಚೆಗೆ ಮಂಡಿಸುವುದು. ವಿಧಾನಸಭೆಯಲ್ಲಿ ನಾವು ಬಳಸುವುದೂ ಅದೇ ಅರ್ಥದಲ್ಲಿ. ಅಮೆರಿಕದವರಿಗೆ ಅದು ವಿಷಯವನ್ನು ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ತುರ್ತು ಪತ್ರವೊಂದನ್ನು ಟೇಬಲ್ ಮಾಡಬೇಕೆಂದಾಗ, ಅಮೆರಿಕನ್ನರು ಕೂಡದೆಂದು ಹಟ ಹಿಡಿದರು. ಎರಡೂ ಕಡೆಯವರಿಗೆ ಬೇಕಾಗಿದ್ದದ್ದು ಒಂದೇ ಎಂಬುದು ದೀರ್ಘ ವಾಗ್ವಾದದ ನಂತರವೇ ತಿಳಿಯಿತೆಂದು ಚರ್ಚಿಲ್ಲರೇ ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದುಕೊಂಡಿದ್ದಾರೆ.

ರಾತ್ರಿ ಪಾಳಿ (ಮಂಗಳೂರು)

ನಾನು ಶುಶ್ರೂಷಕಿ. ನಮ್ಮಲ್ಲಿ ಬರುವ ರೋಗಿಗಳು ಇಂಗ್ಲಿಷ್ ಮಾತಾಡುವುದಿಲ್ಲ, ಆದರೆ ಕಾಯಿಲೆಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ. ಕೈಪಿಡಿಗೆ ಇದು ಹೊಂದುತ್ತದೆಯೋ ಇಲ್ಲವೋ ಮೇಷ್ಟ್ರು ತೀರ್ಮಾನಿಸಲಿ.

ಮೊದಲನೆಯದು ಬಿಪಿ. ‘ನನಗೆ ಬಿಪಿ ಇದೆ’ ಎಂದರೆ ರಕ್ತದೊತ್ತಡ ಹೆಚ್ಚಿದೆ ಎಂದು ಅರ್ಥ; ‘ನನಗೆ ಬಿಪಿ, ಶುಗರ್ ಏನೂ ಇಲ್ಲ’ ಎಂದರೆ ಆರೋಗ್ಯವಾಗಿದ್ದೇನೆ ಎಂದು. ರಕ್ತದೊತ್ತಡವೂ ಸಕ್ಕರೆಯೂ ಬದುಕಿರುವ ಎಲ್ಲರ ರಕ್ತದಲ್ಲೂ ಇರಬೇಕಾದವುಗಳೇ. ಹೊರರಾಜ್ಯದಿಂದ ಬಂದ ಹೊಸ ವೈದ್ಯರೊಬ್ಬರಿಗೆ ರೋಗಿಯ ಮಗ ‘ಫಾದರ್ ಹ್ಯಾಸ್ ನೋ ಬಿಪಿ ಡಾಕ್ಟರ್’ ಎಂದಾಗ, ಅವರು ಕೈಯಲ್ಲಿದ್ದ ಕಡತವನ್ನು ಹಾಸಿಗೆಯ ಮೇಲೆ ಎಸೆದು ಮುದುಕರ ಮಣಿಕಟ್ಟಿಗೆ ಬೆರಳಿಟ್ಟರು. ಮುದುಕರು ಆರಾಮವಾಗಿ ಗಂಜಿ ಕುಡಿಯುತ್ತಿದ್ದರು.

ಎರಡನೆಯದರಲ್ಲಿ ನಗುವಂಥದ್ದು ಏನೂ ಇಲ್ಲ. ಗ್ಯಾಸ್ಟ್ರಿಕ್ ಎಂಬುದು ಇಂಗ್ಲಿಷಿನಲ್ಲಿ ಜಠರಕ್ಕೆ ಸಂಬಂಧಿಸಿದ ಎಂಬ ಬರಿಯ ವಿಶೇಷಣ. ನಮ್ಮಲ್ಲಿ ಅದೊಂದು ರೋಗದ ಹೆಸರು, ಮತ್ತು ಹೊಟ್ಟೆಯುಬ್ಬರದಿಂದ ಎದೆಯುರಿಯವರೆಗೆ, ಬೆನ್ನಿನ ಹಿಡಿತದಿಂದ ಎಡತೋಳಿನ ನೋವಿನವರೆಗೆ ಎಲ್ಲಕ್ಕೂ ಅದೇ ಉತ್ತರ. ಎದೆ ಬಿಗಿದು ಬೆವರು ಕಿತ್ತುಬರುತ್ತಿದ್ದರೂ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು, ಜೀರಿಗೆ ಅಗಿದು, ರಾತ್ರಿಯೆಲ್ಲ ಕಾದು ಬೆಳಿಗ್ಗೆ ಬರುವವರನ್ನು ನೋಡುತ್ತಲೇ ಇರುತ್ತೇವೆ. ಹೃದಯಾಘಾತದಲ್ಲಿ ಮೊದಲ ಗಂಟೆಗಳಿಗೆ ಇರುವ ಬೆಲೆ ಅನಂತರದ ಗಂಟೆಗಳಿಗೆ ಇರುವುದಿಲ್ಲ. ಈ ಒಂದು ಪದ ಇಲ್ಲದಿದ್ದರೆ ಅವರಲ್ಲಿ ಕೆಲವರಾದರೂ ರಾತ್ರಿಯೇ ಬರುತ್ತಿದ್ದರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮೂರನೆಯದು ಪಾಸಿಟಿವ್. ಕೊರೊನಾ ಕಾಲದಲ್ಲಿ ಈ ಪದದ ಅರ್ಥ ಎಲ್ಲರಿಗೂ ತಿಳಿಯಿತು. ಅದಕ್ಕೆ ಮೊದಲು ‘ರಿಪೋರ್ಟ್ ಪಾಸಿಟಿವ್ ಬಂದಿದೆ’ ಎಂದಾಗ ಕೈ ಮುಗಿದು ದೇವರಿಗೆ ನಮಸ್ಕರಿಸಿದವರನ್ನು ಕಂಡಿದ್ದೇನೆ. ಈಗಲೂ ನಾನು ಆ ಪದ ಬಳಸುವುದಿಲ್ಲ. ‘ಸೋಂಕು ಇದೆ’, ‘ಸೋಂಕು ಇಲ್ಲ’ ಎನ್ನುತ್ತೇನೆ.

ಕಬ್ಬಿನ ಗದ್ದೆ (ಮಂಡ್ಯ)

ಉಚ್ಚಾರಣೆಯಿಂದಾಗುವ ಅದಲುಬದಲನ್ನು ಯಾರೂ ಹೇಳಲಿಲ್ಲವಾದ್ದರಿಂದ ನನ್ನ ಮಾನವನ್ನೇ ಒತ್ತೆಯಿಟ್ಟು ಹೇಳುತ್ತೇನೆ. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ಉದುರುತ್ತದೆ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಎಂಜಿನಿಯರಿಂಗ್ ಓದಲು ಹೊರರಾಜ್ಯಕ್ಕೆ ಹೋದ ಮೊದಲ ರಾತ್ರಿ, ಊಟದ ಸಮಯ ಮುಗಿದ ಮೇಲೆ ಹಾಸ್ಟೆಲ್ ತಲುಪಿ, ವಾರ್ಡನ್ ಮುಂದೆ ನಿಂತು ‘ಸರ್, ಐ ಯಾಮ್ ವೆರಿ ಹಂಗ್ರಿ’ ಎಂದೆ. ಎಂದೆನೆಂದು ನಾನು ತಿಳಿದಿದ್ದೆ. ಬಾಯಿಂದ ಹೊರಟದ್ದು ‘ಅಂಗ್ರಿ’. ಅವರು ಎದ್ದು ನಿಂತು, ‘ವೈ ಆರ್ ಯೂ ಆಂಗ್ರಿ ವಿತ್ ಮಿ?’ ಎಂದರು. ನಾನು ‘ನೋ ಸರ್, ಐ ಯಾಮ್ ಅಂಗ್ರಿ ಓನ್ಲಿ’ ಎಂದು ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಡಬ್ಲಿನ್ನಿನ ಸದಸ್ಯರ ಓನ್ಲಿ ಇಲ್ಲಿಯೂ ನೆರವಿಗೆ ಬರಲಿಲ್ಲ. ಕೊನೆಗೆ ಹೊಟ್ಟೆ ಮುಟ್ಟಿ ತೋರಿಸಿದ ಮೇಲೆ ಎರಡು ಬಾಳೆಹಣ್ಣು ಸಿಕ್ಕವು.

ಪದವಿ ಕಾಲೇಜಿನ ಮೇಷ್ಟ್ರು (ತುಮಕೂರು ಜಿಲ್ಲೆ)

ಕಬ್ಬಿನ ಗದ್ದೆಯವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಇಂಗ್ಲಿಷಿನ ಝಡ್ ಅಕ್ಷರದ ಧ್ವನಿ ಕನ್ನಡದ ವರ್ಣಮಾಲೆಯಲ್ಲಿಲ್ಲ. ಕಳೆದುಕೊಳ್ಳುವ ಲೂಸ್ ಮತ್ತು ಸಡಿಲವಾದ ಲೂಸ್, ಬೆಲೆಯ ಪ್ರೈಸ್ ಮತ್ತು ಬಹುಮಾನದ ಪ್ರೈಸ್, ಸಲಹೆ ಎಂಬ ನಾಮಪದ ಮತ್ತು ಸಲಹೆ ನೀಡು ಎಂಬ ಕ್ರಿಯಾಪದ, ಈ ಜೋಡಿಗಳಲ್ಲಿ ವ್ಯತ್ಯಾಸವೆಲ್ಲ ಇರುವುದು ಆ ಒಂದು ಧ್ವನಿಯಲ್ಲೇ. ನಾನು ಈಗ ಈ ವಾಕ್ಯದಲ್ಲಿ ಬರೆದು ತೋರಿಸಲೂ ಆಗಲಿಲ್ಲವೆಂಬುದನ್ನು ಗಮನಿಸಿ. ಬರೆಯಲು ಬಾರದ ವ್ಯತ್ಯಾಸ ಕಿವಿಗೂ ಬೀಳುವುದು ಕಷ್ಟ. ಸಾಲದ್ದಕ್ಕೆ ಲೂಸ್ ಎಂಬುದು ನಮ್ಮಲ್ಲಿ ತಲೆಕೆಟ್ಟವನಿಗೂ, ಪೊಟ್ಟಣ ಕಟ್ಟದೆ ಅಳೆದು ಮಾರುವ ಎಣ್ಣೆಗೂ ಹೆಸರಾಗಿದೆ. ‘ಐ ಆಮ್ ಲೂಸಿಂಗ್’ ಎಂದ ಹುಡುಗಿಯನ್ನು ಹಿಂದಿನ ಬೆಂಚಿನವರು ಒಂದು ವಾರ ಬಿಡಲಿಲ್ಲ.

ಹೆದ್ದಾರಿ ಬದಿ (ಚಿತ್ರದುರ್ಗ)

ನಮ್ಮ ಗ್ಯಾರೇಜಿಗೆ ಪೆಟ್ರೋಲ್ ಟ್ಯಾಂಕರುಗಳು ಬರುತ್ತವೆ. ಹಿಂಬದಿಯಲ್ಲಿ ಕೆಂಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದಿರುತ್ತದೆ. ಪಿಯುಸಿ ಓದುವ ನನ್ನ ಮಗ, ಇನ್ ಎಂದರೆ ಅಲ್ಲ ಎಂದು ಶಾಲೆಯಲ್ಲಿ ಕಲಿತವನು, ‘ಅಪ್ಪಾ, ಇದಕ್ಕೆ ಬೆಂಕಿ ಹತ್ತುವುದಿಲ್ಲವಂತೆ, ಮತ್ತೇಕೆ ಕೆಂಪು ಬಣ್ಣ?’ ಎಂದು ಕೇಳಿದ. ನನಗೆ ಉತ್ತರ ತಿಳಿಯಲಿಲ್ಲ. ಬಲ್ಲವರು ಹೇಳಬೇಕು.

ಪದಕೋಶದ ಹುಳು (ಧಾರವಾಡ)

ನಿಮ್ಮ ಮಗನ ತರ್ಕ ಸರಿಯಾಗಿದೆ, ತಪ್ಪಿರುವುದು ಇಂಗ್ಲಿಷೇ. ಆ ಇನ್ ನಿಷೇಧದ ಇನ್ ಅಲ್ಲ. ಲ್ಯಾಟಿನ್ನಿನಲ್ಲಿ ಹೊತ್ತಿಸು ಎಂಬ ಅರ್ಥದ ಕ್ರಿಯಾಪದದ ಜೊತೆಗೇ ಬಂದದ್ದು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡರ ಅರ್ಥವೂ ಬೆಂಕಿ ಹತ್ತುವಂಥದ್ದು ಎಂದೇ. ಹೀಗೆ ತಪ್ಪು ತಿಳಿಯುವವರು ಇಂಗ್ಲಿಷ್ ಬಲ್ಲವರಲ್ಲೂ ಇದ್ದುದರಿಂದ 1920ರ ದಶಕದಲ್ಲೇ ಅಮೆರಿಕದ ಅಗ್ನಿಸುರಕ್ಷತೆಯವರು ಫ್ಲೇಮಬಲ್ ಎಂದಷ್ಟೇ ಬರೆಯಿರೆಂದು ಒತ್ತಾಯಿಸತೊಡಗಿದರು. ಟ್ಯಾಂಕರಿನ ಮೇಲೆ ಹಳೆಯದೇ ಉಳಿದುಬಂದಿದೆ. ಮಗನಿಗೆ ಇದರ ಜೊತೆಗೆ ಇನ್‌ವ್ಯಾಲ್ಯುಬಲ್ ಎಂಬುದನ್ನೂ 
ತಿಳಿಸಿ: ಅದು ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಕಷ್ಟವೆನಿಸಿದರೆ ನಮ್ಮದೇ ‘ಅಮೂಲ್ಯ’ವನ್ನು ನೆನಪಿಸಿ. ಅಲ್ಲಿಯೂ ಅಕಾರ ಬೆಲೆಯನ್ನು ತೆಗೆಯುವುದಿಲ್ಲ, ಲೆಕ್ಕವನ್ನು ಮೀರಿಸುತ್ತದೆ.

ಪದವಿ ಕಾಲೇಜಿನ ಮೇಷ್ಟ್ರು (ತುಮಕೂರು ಜಿಲ್ಲೆ)

ಎಲ್ಲರಿಗೂ ಋಣಿ. ಕೈಪಿಡಿಯ ಮೊದಲ ಪುಟದಲ್ಲಿ ‘ಕೇಳು’ ಇರುತ್ತದೆ, ಎರಡನೆಯದರಲ್ಲಿ ಹೌದು ಮತ್ತು ಯೆಸ್. ಮುಂದೂಡುವುದಕ್ಕೂ ಬ್ರಿಂಗ್ ಫಾರ್ವರ್ಡ್‌ಗೂ ಒಂದು ಇಡೀ ಪುಟ ಕೊಡುತ್ತೇನೆ. ನಾಮಿನಿ ಮತ್ತು ಗ್ಯಾಸ್ಟ್ರಿಕ್ ವ್ಯಾಕರಣದ ವಿಷಯಗಳಲ್ಲವಾದರೂ ಸೇರಿಸುತ್ತೇನೆ. ಕೈಪಿಡಿ ಮನೆಗೆ ಹೋದಾಗ ಅಪ್ಪ ಅಮ್ಮ ಓದಲಿ. ಪ್ರಿಪೋನ್, ಕಸಿನ್ ಬ್ರದರ್ ಎರಡಕ್ಕೂ ಕೆಂಪು ಶಾಯಿ ಇಲ್ಲ. ಶುದ್ಧ ಪ್ರಯೋಗದವರು ಮನ್ನಿಸಬೇಕು. ರಿವರ್ಟ್ ವಿಷಯದಲ್ಲಿ ಅವರ ಮಾತನ್ನೇ ಎತ್ತಿಹಿಡಿದಿದ್ದೇನೆ.

ನಿನ್ನೆ ಈ ಪಟ್ಟಿಯನ್ನು ತರಗತಿಯಲ್ಲಿ ಓದಿ, ಕನ್ನಡದಲ್ಲಿ ಒಂದೇ ಪದವಿದ್ದು ಇಂಗ್ಲಿಷಿನಲ್ಲಿ ಹಲವು ಇದ್ದಾಗ ನಾವು ಎಡವುತ್ತೇವೆ ಎಂದು ವಿವರಿಸುತ್ತಿದ್ದೆ. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, ‘ನಮ್ಮಲ್ಲಿ ಎರಡಿದ್ದು ಅವರಲ್ಲಿ ಒಂದೇ ಇದ್ದರೆ ಏನು ಮಾಡಬೇಕು ಸರ್?’ ಎಂದಳು. ಉದಾಹರಣೆ ಕೇಳಿದೆ. ‘ಯೂ’ ಎಂದಳು. ಮನೆಯ ತಮ್ಮನಿಗೂ ಯೂ, ನಿಮಗೂ ಯೂ. ನಿಮ್ಮನ್ನು ಏಕವಚನದಲ್ಲಿ ಕರೆದ ಹಾಗಾಗುತ್ತದೆಯೆಂದು ಹೆದರಿಕೆಯಾಗಿ, ಪ್ರತಿ ಯೂ ಹಿಂದೆಯೂ ಒಂದು ಸರ್ ಸೇರಿಸುತ್ತೇನೆ ಎಂದಳು. ಇಂಗ್ಲಿಷ್ ಮಾತಾಡುವಾಗ ನಮ್ಮ ಮಕ್ಕಳು ಮಾತುಮಾತಿಗೆ ಸರ್ ಎನ್ನುವುದು ಗುಲಾಮಗಿರಿಯ ಅಭ್ಯಾಸವೆಂದು ಹದಿನೆಂಟು ವರ್ಷ ನಾನು ಪಾಠ ಹೇಳಿದ್ದೇನೆ. ಅದು ನೀನು ಮತ್ತು ನೀವುಗಳ ನಡುವಿನ ಅಂತರವೆಂಬುದು ನನಗೆ ಹೊಳೆದೇ ಇರಲಿಲ್ಲ.

ಅವಳ ರಜಾ ಅರ್ಜಿ ಇಂದು ಬೆಳಿಗ್ಗೆ ಮೇಜಿನ ಮೇಲಿತ್ತು. ಏಳು ಸಾಲಿನಲ್ಲಿ ಒಂಬತ್ತು ಸರ್. ಎಂಟನ್ನು ಹೊಡೆದುಹಾಕಲೆಂದು ಪೆನ್ನು ತೆಗೆದವನು ಎರಡನ್ನು ಮಾತ್ರ ಹೊಡೆದು, ಉಳಿದವುಗಳನ್ನು ಹಾಗೆಯೇ ಬಿಟ್ಟು ಸಹಿ ಹಾಕಿದೆ.